ಮರಿಮನೆಗೆ ಯಾವ ಹೊಟ್ಟು ಹಾಸಬೇಕು?

ಗಿರಿರಾಜ ತಳಿಯ ಕೋಳಿಮರಿ ಬರುವ ದಿನ ಗೊತ್ತಾದ ಕೂಡಲೇ ಕಾವು ಕೊಡುವ ಬಲ್ಬು, ಫೀಡು, ನೀರು ಕುಡಿಸುವ ಡ್ರಿಂಕರ್ ಎಲ್ಲ ಸಿದ್ಧವಾಗುತ್ತವೆ. ಹೊಟ್ಟನ್ನು ಮಾತ್ರ ಹಿಂದಿನ ಸಂಜೆ ಎಲ್ಲಿಂದಲೋ ತಂದು ಸುರಿಯುವವರೇ ಹೆಚ್ಚು. ಮರಿ ಮಲಗುವುದು, ಕೆದಕುವುದು, ಹಿಕ್ಕೆ ಹಾಕುವುದು, ಹಸಿವಾದರೆ ಕುಕ್ಕಿ ನೋಡುವುದು ಎಲ್ಲವೂ ಆ ಹಾಸಿನ ಮೇಲೆಯೇ. ಹಾಗಾಗಿ ಹೊಟ್ಟನ್ನು ಒಂದು ವಾರ ಮೊದಲೇ ತಂದು, ಎರಡು ದಿನ ಬಿಸಿಲಲ್ಲಿ ತೆಳುವಾಗಿ ಹರಡಿ ಒಣಗಿಸಿಟ್ಟುಕೊಳ್ಳಿ.

ಗಂಗಾವತಿ, ಸಿಂಧನೂರು, ದಾವಣಗೆರೆ, ಮಂಡ್ಯದ ಕಡೆಯವರಿಗೆ ಭತ್ತದ ಹೊಟ್ಟೇ ಸರಿ. ಅದು ಹಗುರ, ಬೇಗ ಒಣಗುತ್ತದೆ, ಗಾಳಿಯಾಡುತ್ತದೆ. ನೀರು ಹೀರುವುದು ಕಡಿಮೆ, ಅದೊಂದೇ ಅದರ ಕೊರತೆ. ಆದರೆ ಯಾವ ಮಿಲ್ಲಿನದು ಎಂದು ಕೇಳಿಕೊಂಡು ತನ್ನಿ. ಹಳೆಯ ಹಲ್ಲರ್ ಮಿಲ್ಲಿನಲ್ಲಿ ಹೊಟ್ಟು ಪುಡಿಯಾಗಿ ತೌಡಿನ ಜೊತೆ ಬೆರೆತು ಬರುತ್ತದೆ. ತೌಡಿನ ರುಚಿಗೆ ಮರಿ ಫೀಡು ಬಿಟ್ಟು ಹಾಸನ್ನೇ ತಿನ್ನುತ್ತದೆ, ತೌಡು ತೇವ ಹಿಡಿದು ಬೂಷ್ಟು ಬರುತ್ತದೆ, ಹುಳುವೂ ಆಗುತ್ತದೆ. ಹೊಟ್ಟನ್ನು ತೌಡಿನಿಂದ ಬೇರೆಯಾಗಿ ಸುಲಿಯುವ ಶೆಲ್ಲರ್ ಯಂತ್ರ ಇರುವ ಮಿಲ್ಲಿನ ಇಡಿ ಇಡಿಯಾದ ಹೊಟ್ಟನ್ನೇ ಆರಿಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಅಂಗೈಗೆ ಪುಡಿ ಅಂಟಿದರೆ ಅದು ಬೇಡ.

ಅಳತೆ ಹೀಗೆ: ಮರಿಗೆ ಅರ್ಧ ಚದರಡಿ ಲೆಕ್ಕದಲ್ಲಿ 200 ಮರಿಗೆ 100 ಚದರಡಿ. ಎರಡು ಇಂಚು ದಪ್ಪ ಹಾಸಲು ಸುಮಾರು 50 ಕೆ.ಜಿ. ಭತ್ತದ ಹೊಟ್ಟು ಬೇಕು. ಸಿಮೆಂಟು ನೆಲವಿದ್ದು ಚಳಿಗಾಲವಾದರೆ ಮೂರು ಇಂಚು ಹಾಸಿ. ಬಲ್ಬಿನ ಕಾವು ಮೇಲಿನಿಂದ ಎಷ್ಟೇ ಇದ್ದರೂ ನೆಲ ತಣ್ಣಗಿದ್ದರೆ ಮರಿಗಳು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಮರಿ ಬರುವ ಹಿಂದಿನ ದಿನವೇ ಬಲ್ಬು ಹಾಕಿ ಹೊಟ್ಟನ್ನೂ ಬೆಚ್ಚಗೆ ಮಾಡಿಡಬೇಕು. ಮೊದಲ ವಾರ ಮರಿಯ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಹಾಸಿನ ಬೆಚ್ಚಗೆ ಸಾಲದು ಎಂದರ್ಥ.

ಮೊದಲ ಮೂರು ದಿನ ಹೊಟ್ಟಿನ ಮೇಲೆ ಕಾಗದ ಹಾಸಿ, ಅದರ ಮೇಲೆ ಫೀಡು ಚೆಲ್ಲುತ್ತೇವೆ. ಮರಿ ಹೊಟ್ಟನ್ನು ಆಹಾರ ಎಂದು ತಿಳಿಯಬಾರದಲ್ಲ. ನುಣುಪಾದ ಕಾಗದ ಬೇಡವೇ ಬೇಡ. ಅದರ ಮೇಲೆ ಕಾಲು ಜಾರಿ ಜಾರಿ ಎರಡೂ ಕಾಲು ಅಗಲಕ್ಕೆ ಹೋಗಿ ಮರಿ ಏಳಲಾರದೆ ಉಳಿಯುತ್ತದೆ. ರಟ್ಟಿನ ಒರಟು ಬದಿ ಒಳ್ಳೆಯದು. ಸುದ್ದಿಪತ್ರಿಕೆಯಾದರೆ ಮುದುಡಿ ಬಿಡಿಸಿ ನಾಲ್ಕೈದು ಪದರ ಹಾಕಿ, ದಿನಕ್ಕೊಂದು ಪದರ ತೆಗೆಯಿರಿ.

ಮರದ ಹೊಟ್ಟಿನಲ್ಲಿ ಎರಡು ಬಗೆ. ಬಡಗಿ ಉಜ್ಜುಗೊರಡು ಹೊಡೆಯುವಾಗ ಸುರುಳಿಯಾಗಿ ಬರುವುದು ಭತ್ತದ ಹೊಟ್ಟಿಗಿಂತಲೂ ಚೆನ್ನಾಗಿ ತೇವ ಹೀರುತ್ತದೆ, ಸಿಕ್ಕರೆ ಬಿಡಬೇಡಿ. ಸಾಮಿಲ್ಲಿನ ನುಣ್ಣನೆ ಪುಡಿ ಎಳೆ ಮರಿಗೆ ಆಗದು: ತಿಂದರೆ ಮೇವುಚೀಲದಲ್ಲಿ ಕಟ್ಟಿಕೊಳ್ಳುತ್ತದೆ, ದೂಳು ಮೂಗಿಗೆ ಹೋಗುತ್ತದೆ. ಪ್ಲೈವುಡ್ ಪುಡಿಯಲ್ಲಿ ಅಂಟು, ಗೆದ್ದಲಿಗೆ ಔಷಧಿ ಹೊಡೆದ ಮರದ ಪುಡಿಯಲ್ಲಿ ವಿಷ. ಎರಡನ್ನೂ ತರಬೇಡಿ.

ಚಳ್ಳಕೆರೆ, ಪಾವಗಡದ ಕಡೆ ಶೇಂಗಾ ಸಿಪ್ಪೆ ಸುಲಭ. ಚೆನ್ನಾಗಿ ಒಣಗಿದ್ದರೆ ತೊಂದರೆಯಿಲ್ಲ, ಆದರೆ ಬೂಷ್ಟು ಬಹಳ ಬೇಗ ಹಿಡಿಯುತ್ತದೆ. ಬೂಷ್ಟಿನ ಬೀಜಕಣ ಉಸಿರಿನಲ್ಲಿ ಹೋದರೆ ಮರಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಈ ರೋಗಕ್ಕೆ ನೆಚ್ಚಬಹುದಾದ ಔಷಧಿಯಿಲ್ಲ. ಮುಗ್ಗಲು ವಾಸನೆ ಬಂದ ಚೀಲವನ್ನು ಒಣಗಿಸಿ ಬಳಸಲು ಹೋಗಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ತಿಪಟೂರು, ಅರಸೀಕೆರೆಯಲ್ಲಿ ಸಿಗುವ ತೆಂಗಿನ ನಾರಿನ ಪುಡಿ ನೀರನ್ನು ಬಹಳ ಹೀರುತ್ತದೆ, ಆದರೆ ಒಣಗಲು ತಡ. ಮೂರು ವಾರ ದಾಟಿದ ಮೇಲೆ ಕಾಲು ಪಾಲು ಬೆರೆಸಬಹುದು. ರಾಗಿ ಹುಲ್ಲಾದರೆ ಎರಡು ಇಂಚಿಗೆ ಕತ್ತರಿಸಲೇಬೇಕು, ಇಲ್ಲವಾದರೆ ಚಾಪೆಯಂತೆ ಹೆಣೆದುಕೊಂಡು ಅಡಿಯಲ್ಲಿ ಕೊಳೆಯುತ್ತದೆ.

ಯಾವ ಹೊಟ್ಟಾದರೂ ಕೆಡುವುದು ಡ್ರಿಂಕರ್ ಸುತ್ತಲೇ. ಡ್ರಿಂಕರಿನ ಅಂಚು ಮರಿಯ ಬೆನ್ನಿನ ಮಟ್ಟಕ್ಕಿರಲಿ. ಮರಿ ಬೆಳೆದಂತೆ ಇಟ್ಟಿಗೆ ಕೊಟ್ಟು ಎತ್ತರಿಸುತ್ತಾ ಹೋಗಿ. ಗಟ್ಟಿಯಾದ ಹೆಂಟೆಗಳನ್ನು ದಿನವೂ ತೆಗೆದು ಅಲ್ಲಿಗೆ ಒಣ ಹೊಟ್ಟು ಹಾಕಿ. ರಕ್ತಭೇದಿಯ ರೋಗಾಣು ಹಿಕ್ಕೆಯಲ್ಲಿ ಹೊರಬಂದಾಗ ಇನ್ನೂ ಬಲಿತಿರುವುದಿಲ್ಲ. ಬೆಚ್ಚನೆಯ ತೇವ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಅದಕ್ಕೇ ಹಾಸು ಒಣಗಿರಬೇಕೆಂದು ಇಷ್ಟು ಒತ್ತಿ ಹೇಳುವುದು.

ಪರೀಕ್ಷೆ ಸುಲಭ. ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಸ್ವಲ್ಪ ಅಂಟಿ ಕೂಡಲೇ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ತೇವ ಹೆಚ್ಚು. ಪೂರ್ತಿ ದೂಳಾಗಿ ಹಾರಿದರೆ ಅತಿಯಾಗಿ ಒಣಗಿದೆ. ವಾರಕ್ಕೆ ಎರಡು ಸಲ, ಮಳೆಗಾಲದಲ್ಲಿ ದಿನವೂ ಕೆದಕಿ ತಿರುವಿಹಾಕಿ. ಆಗ ಮರಿಮನೆಯ ಪಕ್ಕದ ಪರದೆಯ ಮೇಲ್ಭಾಗ ತೆರೆದಿರಲಿ, ಅಡಿಯಲ್ಲಿದ್ದ ಅಮೋನಿಯಾ ಒಮ್ಮೆಲೇ ಮೇಲೆದ್ದು ಬರುತ್ತದೆ. ಮರಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕುಳಿತು ಉಸಿರು ಎಳೆದು ನೋಡಿ. ನಿಂತಾಗ ತಿಳಿಯದ ಘಾಟು ಅಲ್ಲಿ ಕಣ್ಣಿಗೆ ಚುಚ್ಚುತ್ತದೆ.

ಒಂದು ಬ್ಯಾಚಿನ ಹೊಟ್ಟನ್ನು ಮುಂದಿನ ಎಳೆ ಮರಿಗೆ ಬಳಸಬೇಡಿ. ಗುಂಡಿಯಲ್ಲಿ ಕೊಳೆಸಿ ತೆಂಗು, ಅಡಿಕೆ ಬುಡಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರ. ಹಸಿಯಾಗಿ ಹಾಕಿದರೆ ಎಳೆ ಗಿಡದ ಬೇರು ಸುಡುತ್ತದೆ.