ಈಜುಕೊಳಕ್ಕೆ ಹೋಗೋ ಮುಂಚೆ ಕಿವಿ, ಮೂಗು, ಮೈಗೆಲ್ಲ ಗೊತ್ತಿರಬೇಕಾದ್ದು

ಫೆಬ್ರವರಿ 12, 2025, ಬುಧವಾರ

ಅಕ್ಕನ ಮಗನಿಗೆ 11 ವರ್ಷ, ಆಟಿಸಂ ಇದೆ. ನೀರು ಅಂದ್ರೆ ಪ್ರಾಣ ಬಿಡ್ತಾನೆ, ಆದ್ರೆ ಜೋರು ಸದ್ದು ಒಂಚೂರೂ ತಡಕೊಳ್ಳಲ್ಲ. ಮುಂದಿನ ವಾರ ಅವನನ್ನ ಸ್ವಿಮ್ಮಿಂಗ್ ಸೆಂಟರ್‌ಗೆ ಕರ್ಕೊಂಡು ಹೋಗೋದು ಅಂತ ಆಗಿದೆ, ಅದಕ್ಕೇ ಇವತ್ತು ಅವನನ್ನ ಬಿಟ್ಟು ನಾನೇ ಮೊದಲು ಹೋಗಿ ಬಂದೆ. ವೀಲ್‌ಚೇರ್ ಬಳಸೋ ಗೆಳತಿ ಕೂಡ ಜೊತೆಗೆ ಬಂದ್ಲು, ಅವಳಿಗೆ ನೀರಿಗಿಳೀಬೇಕು ಅಂತ ಬಹಳ ದಿನದ ಆಸೆ. ಸೆಂಟರ್‌ನವರು "ಎಲ್ಲರಿಗೂ ಅನುಕೂಲ ಇದೆ" ಅಂತ ಒಂದೇ ಸಾಲು ಬರೆದಿರ್ತಾರೆ, ಅದ್ರಿಂದ ನಮ್ಮಂಥೋರಿಗೆ ಏನೂ ಗೊತ್ತಾಗಲ್ಲ. ಗೇಟಿಂದ ನೀರಿನ ತನಕ ಯಾವ ಜಾಗದಲ್ಲಿ ಏನು ಕೇಳಿಸತ್ತೆ, ಏನು ಮೂಗಿಗೆ ಬಡಿಯತ್ತೆ, ಕಾಲಿಗೆ ಏನು ಸಿಗತ್ತೆ ಅಂತ ಸಾಲಾಗಿ ಹೇಳಿದ್ರೆ ತಾನೇ ಮಗು ಮನಸ್ಸಲ್ಲೇ ರೆಡಿ ಆಗೋದು. ಹಾಗಾಗಿ ಅಕ್ಕನಿಗೋಸ್ಕರ ಬರೀತಿದೀನಿ, ಬೇರೆಯವರಿಗೂ ಆಗ್ಬಹುದು.

ಒಳಾಂಗಣ ಕೊಳದ ಬಾಗಿಲು ತಳ್ಳಿದ ತಕ್ಷಣ ಬೆಚ್ಚಗಿನ ತೇವದ ಗಾಳಿ ಮುಖಕ್ಕೆ ಬಡಿಯತ್ತೆ. ಒಳಗಿನ ಗಾಳೀನ ಸಾಮಾನ್ಯವಾಗಿ ನೀರಿಗಿಂತ ಒಂದು ಡಿಗ್ರಿಯಷ್ಟು ಬೆಚ್ಚಗೆ ಇಟ್ಟಿರ್ತಾರೆ, ಇಲ್ದಿದ್ರೆ ನೀರು ಜಾಸ್ತಿ ಆವಿಯಾಗತ್ತೆ, ಅದಕ್ಕೇ ಪೂರ್ತಿ ಬಟ್ಟೇಲಿ ನಿಂತೋರಿಗೆ ಸ್ವಲ್ಪ ಹೊತ್ತಲ್ಲೇ ಬೆವರು ಬರತ್ತೆ, ಕನ್ನಡಕ ಮಂಜಾಗತ್ತೆ. ಅದರ ಹಿಂದೇನೇ ಆ ವಾಸನೆ. ನಾವು ಅದನ್ನ ಕ್ಲೋರಿನ್ ವಾಸನೆ ಅಂತೀವಿ, ಆದ್ರೆ ಕ್ಲೋರಿನ್ನು ಜನರ ಬೆವರು, ಮೂತ್ರದ ಜೊತೆ ಸೇರಿ ಕ್ಲೋರಮೈನ್ ಅಂತ ಆಗತ್ತಲ್ಲ, ಕಣ್ಣುರಿ ಕೆಮ್ಮು ತರೋದು ಅದು. ವಾಸನೆ ಘಾಟಾಗಿದ್ರೆ ನೀರು ಕ್ಲೀನಾಗಿದೆ ಅಂತ ನಂಬ್ಕೊಂಡಿರೋರು ತುಂಬಾ ಜನ, ಅದು ತಪ್ಪು. ಇಳಿಯೋ ಮುಂಚೆ ಎಲ್ರೂ ಒಂದು ನಿಮಿಷ ಶವರ್ ಕೆಳಗೆ ನಿಂತು ಮೈ ತೊಳ್ಕೊಂಡ್ರೆ ಎಷ್ಟೋ ಕಮ್ಮಿ ಆಗತ್ತೆ, ದಯವಿಟ್ಟು ಮಾಡಿ, ನಿಮ್ಮ ಪಕ್ಕ ಈಜ್ತಿರೋರಿಗೆ ಆಸ್ತಮಾ ಇರಬಹುದು. ಆ ಅನಿಲ ನೀರಿನ ಮೇಲ್ಮೈಗೆ ಹತ್ತಿರಾನೇ ಜಾಸ್ತಿ ಇರತ್ತೆ, ಅಂದ್ರೆ ಈಜೋರ ಮೂಗಿನ ಮಟ್ಟದಲ್ಲೇ. ವಾಸನೆ ಆಗದೇ ಇರೋರು ಜನ ಕಮ್ಮಿ ಇರೋ ಹೊತ್ತು ನೋಡ್ಕೊಂಡು ಹೋಗೋದು ಒಳ್ಳೇದು.

ಈಗ ಸದ್ದಿನ ವಿಷಯ. ಇದಕ್ಕೆ ಅಂತಾನೇ ನಾನು ಪಕ್ಕದ ಬೆಂಚಲ್ಲಿ ಕಣ್ಣು ಮುಚ್ಕೊಂಡು ಸುಮಾರು ಹೊತ್ತು ಕೂತಿದ್ದೆ. ಟೈಲ್ಸು, ಗಾಜು, ಕಾಂಕ್ರೀಟು, ನೀರು, ಸದ್ದನ್ನ ಹೀರ್ಕೊಳ್ಳೋ ವಸ್ತು ಅಲ್ಲಿ ಒಂದೂ ಇಲ್ಲ, ಹಾಗಾಗಿ ಒಂದು ಮಗು ಕಿರುಚಿದ್ರೆ ಆ ಕಿರುಚು ಚಾವಣಿಗೆ ಹೋಗಿ ವಾಪಸ್ ಬಂದು ಇನ್ನೊಂದು ಕಿರುಚಿನ ಜೊತೆ ಕಲಸಿಕೊಳ್ಳತ್ತೆ, ಯಾರು ಯಾವ ಕಡೆಯಿಂದ ಕರೀತಿದಾರೆ ಅಂತ ಹೇಳೋಕೇ ಆಗಲ್ಲ. ಎರಡು ಮಾರು ದೂರದಲ್ಲಿದ್ದ ಗೆಳತಿ ಹೇಳಿದ್ದು ಮಾತು ಅಂತ ಗೊತ್ತಾಯ್ತೇ ಹೊರತು ಏನು ಅಂತ ಗೊತ್ತಾಗಲಿಲ್ಲ. ಇದೆಲ್ಲದರ ಕೆಳಗೆ ಪಂಪಿನ ಗುಂಯ್‌ಗುಡೋ ಸದ್ದು ನಿಲ್ಲದೇ ಇರತ್ತೆ, ಅಂಚಿನ ಜಾಲರಿಯೊಳಗೆ ನೀರು ಗೊಳಗೊಳ ಅಂತ ಇಳೀತಿರತ್ತೆ, ಯಾರೋ ಹಲಗೆ ಎತ್ತಿ ನೆಲಕ್ಕೆ ಹಾಕ್ತಾರೆ, ಮತ್ತೆ ಆ ವಿಷಲ್. ವಿಷಲ್‌ಗೆ ಮುನ್ಸೂಚನೆ ಇಲ್ಲ, ಅದೇ ಕಷ್ಟ. ಯಾವಾಗ ಬೇಕಾದ್ರೂ ಊದ್ತಾರೆ, ಊದಿದ್ದು ನಿನ್ನನ್ನ ಬೈಯೋಕಲ್ಲ ಅಂತ ಹುಡುಗನಿಗೆ ಮೊದಲೇ ಹೇಳಿರಬೇಕು. ವಿಷಲ್ ಸದ್ದನ್ನ ಮನೇಲಿ ಮೆಲ್ಲಗೆ, ದೂರದಿಂದ ಕೇಳಿಸಿ ಅಭ್ಯಾಸ ಮಾಡ್ಸು ಅಂತ ಅಕ್ಕನಿಗೆ ಹೇಳಿದೀನಿ.

ಕಿವಿಗೆ ಇಯರ್‌ಪ್ಲಗ್ ಹಾಕ್ಕೋಬಹುದು, ಆದ್ರೆ ಹಾಕ್ಕೊಂಡ್ರೆ ಲೈಫ್‌ಗಾರ್ಡ್ ಕರೆದದ್ದೂ ಕೇಳಿಸಲ್ಲ, ಅದನ್ನ ಅವರಿಗೆ ಹೋದ ತಕ್ಷಣ ತಿಳಿಸ್ಬೇಕು. ಹಿಯರಿಂಗ್ ಏಡ್ ತೆಗೆದಿಟ್ಟು ಇಳಿಯೋರಿಗೂ ಇದೇ ಮಾತು. ಇವತ್ತಿದ್ದ ಲೈಫ್‌ಗಾರ್ಡ್ ಹುಡುಗಿ ತಾನಾಗೇ ಹೇಳಿದ್ಲು, "ಮೇಡಂ, ಕೈ ಎತ್ತಿ ಹಿಡಿದ್ರೆ ದಡಕ್ಕೆ ಬಾ ಅಂತ ಅರ್ಥ, ಅದನ್ನ ಅವನಿಗೆ ಹೇಳ್ಕೊಡಿ, ನಾನೂ ಹಾಗೇ ಮಾಡ್ತೀನಿ." ಕೇಳಿ ತುಂಬಾ ಸಮಾಧಾನ ಆಯ್ತು. ಕೆಲವು ಕಡೆ ಮ್ಯೂಸಿಕ್ ಆಫ್ ಮಾಡಿ, ಲೈಟ್ ಕಮ್ಮಿ ಮಾಡಿ, ಕಮ್ಮಿ ಜನರನ್ನ ಬಿಡೋ ಶಾಂತ ವೇಳೆ ಅಂತಾನೇ ಇಡ್ತಾರೆ, ಇದೆಯಾ ಅಂತ ಕೇಳಿ. ಇಲ್ಲದಿದ್ರೆ ಯಾವ ಹೊತ್ತಲ್ಲಿ ಕ್ಲಾಸ್ ಇರಲ್ಲ ಅಂತ ಕೇಳಿದ್ರೂ ಸಾಕು.

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಜಾಗ ಚೇಂಜಿಂಗ್ ರೂಮ್. ಸಣ್ಣ ಜಾಗ, ಒದ್ದೆ ನೆಲ, ಅಪರಿಚಿತರು ಅರ್ಧ ಬಟ್ಟೇಲಿ, ಲಾಕರ್ ಬಾಗಿಲು ಢಣ್ ಅನ್ನೋದು, ಮತ್ತೆ ಹ್ಯಾಂಡ್ ಡ್ರೈಯರ್. ಅದರ ಕೆಳಗೆ ಕೈ ಅಲ್ಲದೆ ಭುಜ ಹೋದ್ರೂ ಸಾಕು, ತಾನೇ ಶುರುವಾಗ್ಬಿಡತ್ತೆ. ಶವರ್ ಕೂಡ ಬಟನ್ ಒತ್ತಿದ್ರೆ ಒಮ್ಮೆಲೇ ಸೂಜಿ ಚುಚ್ಚಿದ ಹಾಗೆ ಜೋರಾಗಿ ಬಿದ್ದು, ಸ್ವಲ್ಪ ಹೊತ್ತಿಗೆ ತಾನೇ ನಿಂತೋಗತ್ತೆ. ನಮಗೆ ಇನ್ನೊಂದು ಸಮಸ್ಯೆ, ಹುಡುಗ ಗಂಡಸರ ಕಡೆ ಹೋಗ್ಬೇಕು, ನಾನು ಅಲ್ಲಿ ಹೋಗೋ ಹಾಗಿಲ್ಲ, ಅವನೊಬ್ಬನೇ ಬಟ್ಟೆ ಬದಲಾಯಿಸಲ್ಲ. ಇದಕ್ಕೆ ಫ್ಯಾಮಿಲಿ ರೂಮೇ ದಾರಿ, ಇಲ್ಲಿ ಇದೆ, ಬೀಗ ಹಾಕಿರ್ತಾರೆ, ಕೀ ಕೌಂಟರ್‌ನಲ್ಲಿ ಕೇಳಿ ಇಸ್ಕೋಬೇಕು. ಗೆಳತಿಗೂ ಅದೇ ರೂಮ್ ಬೇಕಾಯ್ತು. ವೀಲ್‌ಚೇರ್ ಒಂದು ಸುತ್ತು ತಿರುಗಿಸೋಕೆ ಸುಮಾರು 150 ಸೆಂ.ಮೀ. ಅಗಲದ ಜಾಗ ಬೇಕು, ಆ ರೂಮಲ್ಲಿ ಅಷ್ಟಿತ್ತು, ಆದ್ರೆ ನಡುವೆ ಒಂದು ಕಸದ ಡಬ್ಬ ತಂದಿಟ್ಟು ಅದನ್ನೂ ಹಾಳು ಮಾಡಿದ್ರು, ಹೇಳಿದ ಮೇಲೆ ತೆಗೆದ್ರು. ದೊಡ್ಡವರನ್ನ ಮಲಗಿಸಿ ಬಟ್ಟೆ ಬದಲಾಯಿಸೋಕೆ ಎತ್ತರ ಹೊಂದಿಸೋ ಬೆಂಚ್ ಇರಲಿಲ್ಲ. ಅದು ಬೇಕಾದೋರು ಒದ್ದೆ ನೆಲದ ಮೇಲೆ ಮಲಗ್ಬೇಕಾ? ಇದನ್ನ ಬರೆದು ಕೊಟ್ಟು ಬಂದಿದೀನಿ.

ಅಲ್ಲಿಂದ ಕೊಳಕ್ಕೆ ಹೋಗೋ ದಾರೀಲಿ ನೆಲ ಒರಟಾಗಿರತ್ತೆ, ಜಾರದೇ ಇರ್ಲಿ ಅಂತ. ಬರಿಗಾಲಿಗೆ ತಣ್ಣಗೆ, ಸ್ವಲ್ಪ ಚುಚ್ಚಿದ ಹಾಗೆ. ಗೆಳತಿಗೆ ಸೊಂಟದಿಂದ ಕೆಳಗೆ ಸ್ಪರ್ಶ ತಿಳಿಯಲ್ಲ, ಕಾಲು ನೆಲಕ್ಕೋ ಕೊಳದ ಗೋಡೆಗೋ ಉಜ್ಜಿ ತರಚಿದ್ರೂ ಅವಳಿಗೆ ಗೊತ್ತಾಗಲ್ಲ, ಅದಕ್ಕೇ ನೀರಲ್ಲಿ ಹಾಕೋ ಸಾಕ್ಸ್ ಹಾಕ್ಕೊಂಡೇ ಇಳಿದ್ಲು. ಪೂಲ್ ಲಿಫ್ಟ್ ಅಂದ್ರೆ ದಡದಲ್ಲಿ ಒಂದು ಕಂಬ, ಅದಕ್ಕೊಂದು ಪ್ಲಾಸ್ಟಿಕ್ ಕುರ್ಚಿ, ಬೆಲ್ಟು, ಬ್ಯಾಟರಿ. ವೀಲ್‌ಚೇರಿಂದ ಅದಕ್ಕೆ ಜರುಗಿ ಕೂತ್ಮೇಲೆ ಬಟನ್ ಒತ್ತಿದ್ರೆ ಕುರ್ಚಿ ಮೊದಲು ಮೇಲೇಳತ್ತೆ, ನೀರಿನ ಕಡೆ ತಿರುಗತ್ತೆ, ಒಂದು ಕ್ಷಣ ಕಾಲ್ಕೆಳಗೆ ಏನೂ ಇರಲ್ಲ, ಆಮೇಲೆ ನಿಧಾನಕ್ಕೆ ಇಳಿಯತ್ತೆ. ಆ ತಿರುಗೋ ಹೊತ್ತಲ್ಲಿ ಅವಳು ಹಿಡಿ ಗಟ್ಟಿಯಾಗಿ ಹಿಡ್ಕೊಂಡಿದ್ಲು, ಬೆರಳ ಗೆಣ್ಣು ಬೆಳ್ಳಗಾಗಿತ್ತು. ನೀರು ಎದೆಮಟ್ಟಕ್ಕೆ ಬಂದ ಮೇಲೆ ಬಿಟ್ಲು. ಅಮೆರಿಕದ 2010ರ ಮಾನದಂಡದ ಪ್ರಕಾರ ಇಂಥ ಲಿಫ್ಟ್ ಕನಿಷ್ಠ 136 ಕೆ.ಜಿ. ಹೊರಬೇಕು, ಕೂತೋರು ಇನ್ನೊಬ್ಬರ ಸಹಾಯ ಇಲ್ದೆ ತಾವೇ ನಡೆಸೋ ಹಾಗಿರಬೇಕು. ಫೋನಲ್ಲಿ "ಲಿಫ್ಟ್ ಇದೆಯಾ" ಅಂತ ಮಾತ್ರ ಕೇಳಿದ್ರೆ ಇದೆ ಅಂತಾರೆ. ಬ್ಯಾಟರಿ ಚಾರ್ಜ್ ಆಗಿದೆಯಾ, ಎಷ್ಟು ತೂಕ ತಡೆಯತ್ತೆ, ನಡೆಸೋಕೆ ಬರೋರು ಆ ಹೊತ್ತಿಗೆ ಡ್ಯೂಟೀಲಿ ಇರ್ತಾರಾ ಅಂತ ಕೇಳಿ. ಇಳಿಜಾರು ದಾರಿ ಇರೋ ಕೊಳ ಆದ್ರೆ ನೀರಿಗಿಳಿಯೋ ವೀಲ್‌ಚೇರ್ ಅಲ್ಲೇ ಕೊಡ್ತಾರಾ ಅಂತಲೂ ಕೇಳ್ಬೇಕು, ನಮ್ಮ ಮಾಮೂಲಿ ಚೇರ್ ನೀರಿಗೆ ತಗೊಂಡು ಹೋಗೋ ಹಾಗಿಲ್ಲ.

ನೀರು ಎಷ್ಟು ಬೆಚ್ಚಗಿದೆ ಅಂತ ಕೇಳದೇ ಹೋಗ್ಬೇಡಿ. ಸ್ಪರ್ಧೆ ನಡೆಯೋ ಕೊಳದಲ್ಲಿ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರತ್ತೆ, ಕೇಳೋಕೆ ಬೆಚ್ಚಗನಿಸಿದ್ರೂ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಶಾಖ ಎಳ್ಕೊಳ್ಳತ್ತೆ, ಸುಮ್ನೆ ನಿಂತಿರೋ ಮಗುವಿಗೆ ನಡುಕ ಬರತ್ತೆ. ಥೆರಪಿ ಕೊಳಗಳು 33-35ರ ಹತ್ತಿರ ಇರ್ತವೆ, ಕೀಲುನೋವಿನವರಿಗೆ ಬೆಚ್ಚಗಿದ್ರೆ ಹಾಯ್ ಅನ್ಸತ್ತೆ, ಆದ್ರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ ಇರೋ ಎಷ್ಟೋ ಜನಕ್ಕೆ ಅಷ್ಟು ಬಿಸಿಗೆ ಸುಸ್ತು ಹೆಚ್ಚಾಗತ್ತೆ. ಎದೆಮಟ್ಟದ ನೀರಲ್ಲಿ ನಿಂತ್ರೆ ಉಸಿರು ಸ್ವಲ್ಪ ಬಿಗಿ ಅನ್ಸತ್ತೆ, ಅದು ನೀರಿನ ಒತ್ತಡ, ಗಾಬರಿ ಬೇಡ. ಕೆಲವು ಮಕ್ಕಳಿಗೆ ಆ ಒತ್ತಡಾನೇ ಇಷ್ಟ, ನಮ್ಮವನು ಭಾರದ ಹೊದಿಕೆ ಹೊದ್ದು ಮಲಗೋನು, ಅವನಿಗೂ ಹಿಡಿಸತ್ತೆ ಅಂತ ನನ್ನ ನಂಬಿಕೆ. ಕುತ್ತಿಗೆವರೆಗೂ ಮುಳುಗಿದ್ರೆ ಮೈಯ ಭಾರ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯತ್ತೆ, ಹಾಗಾಗಿ ಹೊರಗೆ ಬರೋವಾಗ ಮೆಟ್ಟಿಲ ಮೇಲೆ ಇದ್ದಕ್ಕಿದ್ದ ಹಾಗೆ ಕಾಲು ಭಾರ ಆಗತ್ತೆ, ಕಂಬಿ ಹಿಡ್ಕೊಂಡೇ ಹತ್ತಿ.

ಇನ್ನೊಂದು ಬಹಳ ಮುಖ್ಯ. ಮೇಲಿಂದ ನೋಡಿದ್ರೆ ಕೊಳ ನಿಜವಾದ ಆಳದ ಮುಕ್ಕಾಲು ಭಾಗ ಮಾತ್ರ ಕಾಣತ್ತೆ, ಬೆಳಕು ನೀರಲ್ಲಿ ಬಾಗೋದ್ರಿಂದ. ತಳ ಕಾಣತ್ತೆ, ಕಾಲಿಗೆ ಸಿಗತ್ತೆ ಅಂತ ಇಳಿದ್ರೆ ಸಿಗದೇ ಇರಬಹುದು. ಆಳ ಎಷ್ಟು ಅಂತ ಅಂಚಲ್ಲಿ ಬರೆದಿರೋದನ್ನ ಓದ್ಕೋಬೇಕು, ದೃಷ್ಟಿ ಕಮ್ಮಿ ಇರೋರಿಗೆ ಜೊತೆಗಿರೋರು ಓದಿ ಹೇಳ್ಬೇಕು. ಮಧ್ಯಾಹ್ನ ದೊಡ್ಡ ಕಿಟಕಿ ಇರೋ ಕಡೆ ನೀರು ಕಣ್ಣು ಕುಕ್ಕತ್ತೆ, ಬಣ್ಣದ ಗಾಗಲ್ಸ್ ಇದ್ರೆ ಒಳ್ಳೇದು. ಕಾಣದೇ ಇರೋರು ಲೇನ್ ಹಗ್ಗ ಕೈಗೆ ತಾಗಿಸ್ಕೊಂಡು ನೇರ ಈಜಬಹುದು, ಸ್ಪರ್ಧೆಗಳಲ್ಲಿ ಗೋಡೆ ಹತ್ತಿರ ಬಂದಾಗ ಉದ್ದ ಕೋಲಿಂದ ಮೆಲ್ಲಗೆ ತಟ್ಟಿ ತಿಳಿಸೋರಿರ್ತಾರೆ.

ಹುಡುಗನ ವಿಷಯಕ್ಕೆ ಬಂದ್ರೆ, ಲೈಫ್‌ಗಾರ್ಡ್ ಇದಾರೆ ಅಂತ ನಾನು ಕೈಯಳತೆ ಬಿಟ್ಟು ಹೋಗಲ್ಲ. ಅಪಾಯ ಗೊತ್ತಾಗದೆ ನೀರಿನ ಕಡೆ ಓಡಿಹೋಗೋ ಮಕ್ಕಳಿದಾರೆ, ಆಟಿಸಂ ಇರೋ ಮಕ್ಕಳು ನೀರಲ್ಲಿ ಮುಳುಗೋ ಅಪಾಯ ಬೇರೆ ಮಕ್ಕಳಿಗಿಂತ ಜಾಸ್ತಿ. ಜನ ಯಾರೂ ಬರದ ಹಾಗೆ ಗೇಟು, ಕೌಂಟರು, ಫ್ಯಾಮಿಲಿ ರೂಮ್, ಶವರ್, ಮೆಟ್ಟಿಲು ಎಲ್ಲದರ ಫೋಟೋ ಅನುಮತಿ ಕೇಳಿ ತಗೊಂಡು ಹೋಗೋ ಕ್ರಮದಲ್ಲೇ ಅಕ್ಕನಿಗೆ ಕಳ್ಸಿದೀನಿ, ಅವಳು ಅದನ್ನ ಪ್ರಿಂಟ್ ಮಾಡಿ ದಿನಾ ತೋರಿಸ್ತಾಳೆ. ಟೋಪಿ ತಲೆಗೆ ಬಿಗಿಯಾಗತ್ತೆ, ಅದನ್ನ ಮನೇಲಿ ಸ್ನಾನ ಮಾಡೋವಾಗ ಹಾಕ್ಸಿ ನೋಡ್ತೀನಿ ಅಂದ್ಲು. ಮೊದಲ ಸಲ ಹೋದಾಗ ಅವನು ದಡದಲ್ಲಿ ಕೂತು ಕಾಲು ಇಳಿಬಿಟ್ರೂ ಸರಿ ಅಂತ ಮಾತಾಡ್ಕೊಂಡಿದೀವಿ. ಅವಳದ್ದು ಒಂದೇ ಪ್ರಶ್ನೆ ಉಳಿದಿದೆ, ಹ್ಯಾಂಡ್ ಡ್ರೈಯರ್ ಸ್ವಿಚ್ಚನ್ನ ಆ ಒಂದು ಗಂಟೆ ಆಫ್ ಮಾಡ್ತಾರಾ ಅಂತ. ನಾಳೆ ಬೆಳಗ್ಗೆ ಫೋನ್ ಮಾಡಿ ಕೇಳ್ತೀನಿ.