ಅವ್ವನ ಟ್ರಂಕಿನ್ಯಾಗ ಸಿಕ್ಕ ಪುಡಿ

ಅವ್ವನ ಕ್ಯಾನ್ಸರಿನ ಮೂರನೇ ಕೀಮೋಕ್ಕ ಅಂತ ಗದಗದಿಂದ ಮುಂಜಾನೆ ಬಸ್ ಹಿಡದು ಹುಬ್ಬಳ್ಳಿಗೆ ಹೋದ್ವಿ, ರಕ್ತ ಕೊಟ್ಟು ಮಧ್ಯಾಹ್ನದ ತನಕ ಕುಂತ್ವಿ, ಆಮ್ಯಾಲ ಡಾಕ್ಟರ್ ಕರದು ಇವತ್ತ ಕೀಮೋ ಬ್ಯಾಡ, ಲಿವರ್‌ಗೆ ಪೆಟ್ಟಾದ್ರ ರಕ್ತದಾಗ ಏರೋ ಎಸ್‌ಜಿಪಿಟಿ ಭಾಳ ಏರೈತಿ ಅಂದ್ರು. "ಯವ್ವಾ, ಮನ್ಯಾಗ ಬ್ಯಾರೆ ಏನರ ಔಷಧ ತಗೋತೀರೇನ್ರಿ?" ಅವ್ವ ತಲಿಮ್ಯಾಲಿನ ಸೆರಗ ಸರಿ ಮಾಡ್ಕೊಂಡು "ಏನೂ ಇಲ್ರಿ ಸಾಹೇಬ್ರ" ಅಂದ್ಲು. ನಾನೂ ಹೂಂ ಅಂದೆ, ನನಗೇನ್ ಗೊತ್ತಿತ್ತು.

ಮನಿಗೆ ಬಂದು ಟ್ರಂಕ್ ತಗದ್ರ ಇಳಕಲ್ ಸೀರಿ ಕೆಳಗ ಒಂದು ಹಳೇ ಹಾರ್ಲಿಕ್ಸ್ ಬಾಟ್ಲಿ. ಅರ್ಧ ಖಾಲಿ ಆಗಿತ್ತು. ಕಂದು ಪುಡಿ, ಲೇಬಲ್ ಇಲ್ಲ, ತಾರೀಖ ಇಲ್ಲ, ಕೊಳ್ಳಿಗೆ ದಾರ ಕಟ್ಟಿ ಒಂದು ಸಣ್ಣ ಚಮಚಾ ಇಳಿಬಿಟ್ಟಾರ. ಮುಂಡರಗಿ ಕಡೆಯಿಂದ ಸೋದರಮಾವ ತಂದಿದ್ದಂತ, ಅಮೃತಬಳ್ಳಿ ಐತಂತ, ಉಳದದ್ದು ಏನಂತ ಮಾವಗೂ ಗೊತ್ತಿಲ್ಲ. ಅದರ ಬಾಜೂಕ ಅರಿಶಿಣದ ಕ್ಯಾಪ್ಸೂಲ್, ಅದು ನನ್ನ ತಂಗಿ ಆನ್‌ಲೈನ್ ತರಿಸಿದ್ದು.

"ಯಾಕವ್ವಾ ಹೇಳಲಿಲ್ಲ?"

"ಅವರು ಔಷಧ ಕೇಳಿದ್ರು. ಇದು ಬೇರು."

ಕಪ್ಪತಗುಡ್ಡದ ಬುಡಕ್ಕ ಬೆಳದೋರು ನಾವು, ನೆಗಡಿಗೂ ಕಷಾಯ ಹೊಟ್ಟಿನೋವಿಗೂ ಕಷಾಯ, ಗಿಡದ್ದಂದ್ರ ಏನೂ ಆಗಂಗಿಲ್ಲ ಅಂತ ನಾನೂ ನಂಬಿದ್ದೆ ಅನ್ರಿ. ಆದ್ರ ಅವ್ವಗ ಸಲೈನಿನ್ಯಾಗ ಏರಸೋ ಪ್ಯಾಕ್ಲಿಟಾಕ್ಸೆಲ್ ಮೊದಲು ಸಿಕ್ಕಿದ್ದ ಯೂ ಅನ್ನೋ ಗಿಡದ ತೊಗಟಿಯಾಗ. ನಮ್ಮ ಅಂಗಳದಾಗಿನ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ತಗೀತಾರ, ಅದೂ ಕೀಮೋನ.

ಮುಂದಿನ ವಾರ ಬಾಟ್ಲಿ, ಕ್ಯಾಪ್ಸೂಲ್ ಡಬ್ಬಿ ಎರಡೂ ಚೀಲದಾಗ ಹಾಕ್ಕೊಂಡು ಹೋದ್ವಿ. ಬೈತಾರ ಅಂತ ಅವ್ವ ಹೆದರಿದ್ಲು, ಬೈಲಿಲ್ಲ. ಭಾಳಷ್ಟು ಕೀಮೋ ಔಷಧಾನ ಒಡೆಯೋದು ಲಿವರ್, ಕೆಲವು ಗಿಡಮೂಲಿಕೆ ಆ ಕೆಲಸ ನಿಧಾನ ಮಾಡಿಸ್ತಾವ, ಆಗ ಔಷಧ ಮೈಯಾಗ ಜಾಸ್ತಿ ಉಳದು ತ್ರಾಸ ಕೊಡ್ತೈತಿ, ಕೆಲವು ಜೋರು ಮಾಡ್ತಾವ, ಆಗ ಕೊಟ್ಟ ಡೋಸ್ ಸಾಲಂಗಿಲ್ಲ ಅಂದ್ರು. ಸೇಂಟ್ ಜಾನ್ಸ್ ವರ್ಟ್ ಅನ್ನೋ ಮೂಲಿಕೆ ಇರಿನೋಟೆಕಾನ್ ಅನ್ನೋ ಕೀಮೋನ ಹಿಂಗ ಸಾಲದಂಗ ಮಾಡತೈತಂತ. ಅರಿಶಿಣದ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ತೋರಿಸಿದ್ರು, ಪೈಪರೀನ್, ಅಂದ್ರ ಕರಿಮೆಣಸಿನ ಸತ್ವ. 1998ರಾಗ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನೋರು ಅರಿಶಿಣದ ಸತ್ವ ಕರ್ಕ್ಯುಮಿನ್ 2 ಗ್ರಾಂ, ಅದರ ಜೋಡಿ 20 ಮಿಲಿಗ್ರಾಂ ಪೈಪರೀನ್ ಕೊಟ್ಟು ನೋಡಿದ್ರ ಕರ್ಕ್ಯುಮಿನ್ ರಕ್ತದಾಗ ಎಷ್ಟೋ ಪಟ್ಟು ಏರಿತ್ತು. ಅರಿಶಿಣ ಏರಸೋ ಪೈಪರೀನ್ ಬ್ಯಾರೆ ಔಷಧಾನೂ ಏರಸಬಹುದಲ್ಲ. ಸಾರಿಗೆ ಹಾಕೋ ಚಿಟಿಕಿ ಅರಿಶಿಣದ ಚಿಂತಿ ಬ್ಯಾಡಂದ್ರು, ಕ್ಯಾಪ್ಸೂಲ್ ಮಾತ ಬ್ಯಾರೆ. ಪ್ಲೇಟ್‌ಲೆಟ್ ಕಡಿಮಿ ಇದ್ದಾಗ ಬಳ್ಳೊಳ್ಳಿ ಕ್ಯಾಪ್ಸೂಲೂ ಬ್ಯಾಡಂತ, ರಕ್ತ ಸೋರೋ ಭಯ.

ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಕೇಸ್ ಕೊರೊನಾ ಟೈಮಿನ್ಯಾಗ ಮುಂಬೈ ಡಾಕ್ಟರು ಬರದಿದ್ರು, ಕೇಂದ್ರದ ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ, ಆ ಜಗಳ ಇರ್ಲಿ. ಹಂಗಾರ ಅವ್ವನ ಲಿವರ್ ಕೆಡಿಸಿದ್ದು ಪುಡಿನೇನ್ರಿ ಅಂತ ಕೇಳಿದೆ. "ಕೀಮೋದಿಂದಾನೂ ಏರತೈತಿ. ಎರಡೂ ಕೂಡೇ ನಡದ್ರ ಯಾವುದು ಅಂತ ಹೆಂಗ ಹೇಳ್ಲಿ?" ಅಂದ್ರು. ನನಗ ಭಾಳ ಚುಚ್ಚಿದ್ದು ಇದ.

ಪುಡಿ ಬಿಟ್ಟು ಎರಡು ವಾರಕ್ಕ ರಿಪೋರ್ಟ್ ಇಳೀತು, ಕೀಮೋ ಆತು. ಮಾವ ಫೋನ್ ಮಾಡಿ "ಪುಡಿ ಮುಗೀತೇನಕ್ಕಾ, ಮತ್ತ ಕಳಸ್ಲೇನು?" ಅಂದ. "ಬ್ಯಾಡೋ ತಮ್ಮಾ, ಡಾಕ್ಟರು ಒಲ್ಲೆ ಅಂದಾರ" ಅಂದ್ಲು ಅವ್ವ. ಆವತ್ತಿಂದ ಮಾವ ಸಿಟ್ಟಾಗ್ಯಾನ, ಫೋನೂ ಇಲ್ಲ.