ಬೆರಕೆ ಬೀಜ

ವಿಜಯಪುರ, 9 ಜೂನ್ 2024, ಭಾನುವಾರ ರಾತ್ರಿ

ಮಿರಗದ ಮಳೆ ಮಧ್ಯಾಹ್ನ ಅರ್ಧ ಗಂಟೆ ಜೋರಾಗಿ ಹೊಡೆದು ನಿಂತಿತು. ಅಂಗಳದ ಮಣ್ಣು ಇನ್ನೂ ಹೊಗೆಯಾಡುತ್ತಿರುವಾಗಲೇ ಅಡುಗೆಮನೆಯ ಹರವಿಯ ಹಿಂದಿನಿಂದ ಆ ಪ್ಲಾಸ್ಟಿಕ್ ಚೀಲವನ್ನು ತೆಗೆದುಕೊಂಡು ಬಂದೆ. ಅವ್ವ ನೋಡಿದಳು, ಏನೂ ಅನ್ನಲಿಲ್ಲ. ಯುಗಾದಿಯಿಂದ ಇಲ್ಲಿಯವರೆಗೆ ನಮ್ಮಿಬ್ಬರ ನಡುವೆ ಆ ಚೀಲದ ಮಾತು ಬಂದಿಲ್ಲ.

ಆಗ ಎರಡು ಚೀಲಗಳಿದ್ದವು. ತೇವದ ತೆಂಗಿನ ನಾರಿನ ಪುಡಿಯೊಳಗೆ ಒಂದರಲ್ಲಿ ಗುಂತೆರಿಯ ಮೊಟ್ಟೆ, ಇನ್ನೊಂದರಲ್ಲಿ ಪಾಮ್‌ಕ್ವಿಸ್ಟಿಯ ಮೊಟ್ಟೆ. ಎರಡೂ ನೋಥೋಬ್ರಾಂಕಿಯಸ್ ಕುಲದ ಕಿಲ್ಲಿ ಮೀನುಗಳೇ. ಒಂದು ಜಂಜಿಬಾರ್ ದ್ವೀಪದ್ದು, ಇನ್ನೊಂದು ಅದರ ಎದುರಿಗಿರುವ ಕೆನ್ಯಾ–ತಾಂಜಾನಿಯಾ ಕರಾವಳಿಯದು. ಹಬ್ಬದ ಸ್ವಚ್ಛತೆಯಲ್ಲಿ ಅವ್ವ ಎರಡನ್ನೂ ಒಂದೇ ಚೀಲಕ್ಕೆ ಸುರಿದು ಗಂಟು ಹಾಕಿಟ್ಟಳು. ತೆಂಗಿನ ನಾರಿನ ಪುಡಿ ಎರಡು ಕಡೆ ಯಾಕಿರಬೇಕು ಎಂದುಕೊಂಡಳು. ತೇವಕ್ಕೆ ಚೀಟಿಯ ಶಾಯಿ ಅಳಿಸಿಹೋಗಿತ್ತು. ಪೆನ್ಸಿಲ್ಲಿನಿಂದ ಬರೆಯದೇ ಇದ್ದದ್ದು ನನ್ನ ತಪ್ಪು. ಆ ದಿನ ಅವಳ ಮೇಲೆ ರೇಗಿದೆ. ಹೋಳಿಗೆ ತಿನ್ನದೆ ಎದ್ದೆ. ಅದನ್ನು ಇವತ್ತಿಗೂ ನೆನೆದರೆ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ.

ಚೀಲ ಬಿಚ್ಚಿ ಒಂದು ಚಿಟಿಕೆ ಪುಡಿಯನ್ನು ಬಿಳಿ ತಟ್ಟೆಯ ಮೇಲೆ ಹರಡಿದೆ. ನಿಪ್ಪಾಣಿಯ ತಂಬಾಕನ್ನು ಬೆರಳಲ್ಲಿ ಹಿಡಿದಂತೆ ಇತ್ತು, ಹಿಂಡಿದರೆ ನೀರು ಬರಬಾರದು, ಉದುರಿಸಿದರೆ ದೂಳೂ ಆಗಬಾರದು. ಮೂರು ತಿಂಗಳು ಆ ಹದ ಕೆಟ್ಟಿರಲಿಲ್ಲ. ಭೂತಗನ್ನಡಿ ಹಿಡಿದೆ. ಒಂದು ಮಿಲಿಮೀಟರಿನಷ್ಟು ದಪ್ಪದ ಮೊಟ್ಟೆ, ಜೇನಿನ ಬಣ್ಣ. ಒಳಗೆ ಮೀನು ಸುರುಳಿ ಸುತ್ತಿಕೊಂಡಿದೆ. ಎರಡು ಕಪ್ಪು ಕಣ್ಣುಗಳು, ಪ್ರತಿಯೊಂದರ ಸುತ್ತಲೂ ಬಂಗಾರದ ಉಂಗುರ. ನಾನು ನೋಡುತ್ತಿದ್ದಂತೆಯೇ ಒಂದು ಕಣ್ಣು ಹೊರಳಿತು. ಇನ್ನೂ ಹುಟ್ಟದ ಜೀವ ನನ್ನತ್ತ ತಿರುಗಿತು.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಸಾರವಾಡದಿಂದ ಮಗನ ಬೈಕಿನ ಹಿಂದೆ ಕೂತು, ತೊಗರಿ ಬೀಜ ಒಯ್ಯಲು. ಚಹಾ ಬರುವವರೆಗೆ ನನ್ನ ಪಕ್ಕದಲ್ಲೇ ಕೂತು, ತಟ್ಟೆಯ ಪುಡಿಯನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿದರು. ಇದೇನು ಎಂದರು. ಮೀನಿನ ಮೊಟ್ಟೆ ಎಂದೆ. ನಗಲಿಲ್ಲ. ಭೂತಗನ್ನಡಿ ಕೇಳಿ ಇಸಿದುಕೊಂಡು ಬಹಳ ಹೊತ್ತು ನೋಡಿದರು.

"ನೀರಿಲ್ಲದೆ ಬದುಕಿದೆಯಲ್ಲ."

ಹೇಳಿದೆ. ಅಲ್ಲಿಯ ಗುಂಡಿಗಳು ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಪೂರ್ತಿ ಬತ್ತುತ್ತವೆ. ಮೀನು ಹುಟ್ಟಿ ಐದಾರು ವಾರಗಳಲ್ಲಿ ಬಲಿತು, ದಿನವೂ ಕೆಸರಿಗೆ ಮೊಟ್ಟೆ ಇಡುತ್ತಾ ಹೋಗುತ್ತದೆ. ಗುಂಡಿ ಬತ್ತಿದಾಗ ತಾಯಿ ತಂದೆ ಸಾಯುತ್ತವೆ, ಮೊಟ್ಟೆ ಮಣ್ಣಿನೊಳಗೆ ಕಾಯುತ್ತದೆ. ಆ ಗುಂಡಿಗಳ ತಳದ ಮಣ್ಣು ಎಂಥದು ಎಂದು ಕೇಳಿದರು. ತೇವವಾದರೆ ಉಬ್ಬಿ ಜಿಗುಟಾಗುವ, ಒಣಗಿದರೆ ಬಿರಿಯುವ ಮಣ್ಣು ಎಂದೆ.

"ಎರೆ" ಎಂದರು ದೊಡ್ಡಪ್ಪ, ತಮ್ಮ ಹೊಲದ ಹೆಸರನ್ನೇ ಕೇಳಿದವರಂತೆ. "ಡೋಣಿ ಹೊಳೆ ದಂಡೆಯ ಎರೆ ಮಣ್ಣು. ಹಾಗಾದರೆ ಇದು ಹಗೇವು. ನಿಮ್ಮಜ್ಜ ಜೋಳ ಇಡುತ್ತಿದ್ದ ಹಗೇವು."

ನನಗೆ ಇಷ್ಟು ವರ್ಷ ಆ ಮಾತು ಹೊಳೆದಿರಲಿಲ್ಲ. ನೆಲದೊಳಗೆ ಗುಂಡಿ ತೋಡಿ, ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿ ಮುಚ್ಚಿಡುತ್ತಿದ್ದ ಹಗೇವುಗಳನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಬರ ಬಂದ ವರ್ಷ ಬಾಯಿ ತೆಗೆಯುತ್ತಿದ್ದರು.

ಅಲ್ಲಿ ಮಳೆ ಎಷ್ಟು ಸಲ ಎಂದರು. ಎರಡು, ಮಾರ್ಚಿನಿಂದ ಮೇವರೆಗೆ ದೊಡ್ಡದು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸಣ್ಣದು. ಮುಂಗಾರು ಹಿಂಗಾರು ಎಂದು ತಲೆದೂಗಿದರು. ನೀರು ಹಾಕಿದರೆ ಎಲ್ಲವೂ ಒಮ್ಮೆಲೇ ಒಡೆಯುತ್ತವೆಯೇ ಎಂದರು. ಇಲ್ಲ, ಕೆಲವು ಒಳಗೇ ಬೆಳವಣಿಗೆ ನಿಲ್ಲಿಸಿಕೊಂಡು ನಿದ್ದೆಯಲ್ಲಿರುತ್ತವೆ, ಮತ್ತೆ ಒಣಗಿಸಿ ಒಂದೆರಡು ತಿಂಗಳು ಬಿಟ್ಟು ಇನ್ನೊಮ್ಮೆ ನೀರು ಹಾಕಬೇಕು ಎಂದೆ. "ಮೊದಲ ಮಳೆಗೆ ಇದ್ದ ಬೀಜವನ್ನೆಲ್ಲ ಹಾಕಿದ ರೈತ ಉಳಿದಾನೆಯೇ? ಮೀನಿಗೂ ಗೊತ್ತಿದೆ" ಎಂದರು.

ಆಗ ನಾನು ಯುಗಾದಿಯ ಸಂಗತಿ ಹೇಳಿಬಿಟ್ಟೆ. ಅವ್ವ ಒಳಗಿದ್ದಳು, ದನಿ ತಗ್ಗಿಸಿ ಹೇಳಿದೆ. ಗಂಡುಗಳನ್ನು ಬೇರ್ಪಡಿಸಬಹುದು. ಗುಂತೆರಿಯ ಗಂಡಿಗೆ ಕೆಂಪು ಬಾಲ, ಬಾಲದ ಅಂಚಿಗೆ ಕಾಡಿಗೆ ತೀಡಿದಂತೆ ಕಪ್ಪು ಗೆರೆ. ಪಾಮ್‌ಕ್ವಿಸ್ಟಿಯ ಬಾಲ ಬರೀ ಕೆಂಪು, ಗೆರೆ ಇಲ್ಲ. ಬಣ್ಣ ಬರಲು ನಾಲ್ಕೈದು ವಾರ ಕಾದರೆ ಆಯಿತು. ಹೆಣ್ಣುಗಳು? ಎರಡರದೂ ಒಂದೇ ಮಾಸಲು ಕಂದು. ಎಷ್ಟು ದಿಟ್ಟಿಸಿದರೂ ನನ್ನ ಕಣ್ಣಿಗೆ ಭೇದ ಸಿಗುವುದಿಲ್ಲ. ತಪ್ಪಿ ಜೋಡಿ ಮಾಡಿದರೆ ಹುಟ್ಟುವುದು ಗುಂತೆರಿಯೂ ಅಲ್ಲ, ಪಾಮ್‌ಕ್ವಿಸ್ಟಿಯೂ ಅಲ್ಲ. ಅದನ್ನು ಯಾರಿಗಾದರೂ ಯಾವ ಹೆಸರಿಟ್ಟು ಕೊಡಲಿ?

ದೊಡ್ಡಪ್ಪ ಚಹಾದ ಬಟ್ಟಲು ಕೆಳಗಿಟ್ಟರು.

"ಬೆರಕೆ ಬೀಜವನ್ನು ತಿನ್ನಬಹುದು, ಬಿತ್ತಬಾರದು."

ಅಷ್ಟೇ ಹೇಳಿದರು. ಇನ್ನೂ ಏನಾದರೂ ಹೇಳುತ್ತಾರೆಂದು ಕಾದೆ. ಅವರು ಕಿಟಕಿಯಾಚೆ ಮೋಡ ನೋಡುತ್ತಿದ್ದರು.

ಹೊರಡುವಾಗ ಮಾತ್ರ, ಮರಿಗಳು ಹೆಚ್ಚಾದರೆ ನಮ್ಮ ಹೊಲದ ಕೃಷಿ ಹೊಂಡಕ್ಕೆ ತಂದು ಬಿಡು, ಸೊಳ್ಳೆಯ ಮರಿ ತಿನ್ನುತ್ತವೆ ಎಂದರು. ನಾನು ಬೇಡ ಎಂದದ್ದು ಸ್ವಲ್ಪ ಒರಟಾಯಿತೇನೋ. ಆದರೆ ಅದೇ ಎರೆ, ಅದೇ ಬತ್ತುವ ನೀರು. ಹೊಂದಿಕೊಂಡು ಬಿಟ್ಟರೆ ನಮ್ಮ ಹಳ್ಳದ ಮೀನುಗಳ ಗತಿ ಏನು? ಬಳಸಿದ ನಾರನ್ನೂ ನಾನು ಕುದಿಸದೆ ಮನೆಯ ಹೊರಗೆ ಹಾಕುವುದಿಲ್ಲ. ಆಫ್ರಿಕಾದ ಮೀನು ಆಫ್ರಿಕಾದಲ್ಲಿರಲಿ, ಇಲ್ಲವೇ ನನ್ನ ಗಾಜಿನ ತೊಟ್ಟಿಯಲ್ಲಿರಲಿ.

ಅವರು ಹೋದ ಮೇಲೂ ನಾಲ್ಕು ಗಂಟೆಗೆ ನೀರು ಹಾಕಿದೆ. ಬಿತ್ತಬಾರದು ಎಂದ ಮಾತ್ರಕ್ಕೆ ಕಣ್ಣು ಹೊರಳಿಸಿದ ಜೀವವನ್ನು ಚೀಲದಲ್ಲೇ ಕೊಲ್ಲಲಾಗದು. ಹರವಿಯ ತಣ್ಣೀರು, ಎರಡು ಬೆರಳು ಎತ್ತರ. ಈಗ ಎಣಿಸಿದಾಗ 23 ಮರಿಗಳು. ಕಣ್ಣಿರುವ ದಾರದ ತುಂಡುಗಳಂತೆ ನೀರಿನ ನಡುವೆ ತೇಲುತ್ತಿವೆ. ಮೂರು ಮಾತ್ರ ಏಳಲಾರದೆ ತಳದಲ್ಲಿ ಹೊಟ್ಟೆ ಎಳೆಯುತ್ತಿವೆ. ಈಜುಚೀಲಕ್ಕೆ ಗಾಳಿ ತುಂಬದ ಮರಿಗಳು, ಅವು ಬಾಳುವುದಿಲ್ಲ. ಉಳಿದವಕ್ಕೆ ಬೆಳಿಗ್ಗೆ ತಿನ್ನಲು ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಸಣ್ಣ ಸಿಗಡಿಯ ಮರಿ, ಬೇಕು. ಉಪ್ಪುನೀರಿನ ಬಾಟಲಿಗೆ ಗಾಳಿ ಬಿಟ್ಟು ಅದರ ಮೊಟ್ಟೆಯನ್ನು ನಿನ್ನೆ ರಾತ್ರಿಯೇ ಹಾಕಿದ್ದೆ, ಕಿತ್ತಳೆ ಬಣ್ಣದ ಪುಡಿ ಈಗಾಗಲೇ ಮಿಸುಕುತ್ತಿದೆ.

ಇವು ಬಣ್ಣ ತಳೆದ ಮೇಲೆ ಗಂಡುಗಳನ್ನೂ ಹೆಣ್ಣುಗಳನ್ನೂ ಬೇರೆ ಮಾಡುತ್ತೇನೆ. ಜೋಡಿ ಕಟ್ಟುವುದಿಲ್ಲ. ಗೆರೆಯಿಲ್ಲದ ಬಾಲದ ಗಂಡು ನಾಲ್ಕು ಸಿಕ್ಕರೂ ಹೆಣ್ಣನ್ನು ಎಲ್ಲಿಂದ ತರಲಿ? ನನ್ನ ಹಳೆಯ ಪಾಮ್‌ಕ್ವಿಸ್ಟಿಗಳೆಲ್ಲ ಏಪ್ರಿಲಿನ ಬಿಸಿಲಿಗೆ ಹೋದವು. ಮಾಳಿಗೆಯ ಕೋಣೆ, ಹಗಲಿಡೀ ವಿದ್ಯುತ್ ಇಲ್ಲ, ಒದ್ದೆ ಗೋಣಿತಟ್ಟು ಸುತ್ತಿದರೂ ಉಳಿಸಲಾಗಲಿಲ್ಲ. ಮೊಟ್ಟೆಯನ್ನು ಅಂಚೆ ಲಕೋಟೆಯಲ್ಲಿ ಕಳಿಸಿದ್ದ ಪುಣೆಯ ಗೆಳೆಯ ಸಾಕುವುದನ್ನೇ ಬಿಟ್ಟಿದ್ದಾನೆ. ನಾಳೆ ಒಮ್ಮೆ ಫೋನ್ ಮಾಡಬೇಕು.

ಗುಂತೆರಿಯದು ಇನ್ನೂ ಮುಗಿದಿಲ್ಲ. ಕೆಳಗಿನ ತೊಟ್ಟಿಯ ಮುದಿ ಜೋಡಿ ಇದೆ. ಹೋದ ಆಗಸ್ಟಿನಲ್ಲಿ ಹುಟ್ಟಿದವು, ಹತ್ತು ತಿಂಗಳು. ಗಂಡಿನ ಬೆನ್ನು ಬಾಗಿದೆ, ಬಾಲದ ಕಪ್ಪು ಗೆರೆ ಅಲ್ಲಲ್ಲಿ ಹರಿದಿದೆ, ಮೈಯ ನೀಲಿ ಮಾತ್ರ ಮಾಸಿಲ್ಲ. ಹೆಣ್ಣು ಮೊಟ್ಟೆ ಇಟ್ಟು ಹದಿನೈದು ದಿನಗಳಾದವು. ಆದರೂ ಸಂಜೆ ಹೊಸ ನಾರು ಕುದಿಸಿ ಆರಿಸಿ, ಒಂದು ಬಟ್ಟಲು ತುಂಬಿ ತಳಕ್ಕೆ ಇಳಿಸಿದೆ. ಚೀಟಿ ಬರೆಯಲು ಕೂತಾಗ ಅವ್ವ ಬಂದು ಪೆನ್ಸಿಲ್ ಕೆತ್ತಿ ಕೊಟ್ಟಳು. ಏನು ಬರೆಯುತ್ತೀ ಎಂದಳು. ಗುಂತೆರಿ, ಜಂಜಿಬಾರ್ ಎಂದೆ. ಜಂಜಿಬಾರ್ ಎಂದು ಅವಳೂ ಒಮ್ಮೆ ಹೇಳಿ ನೋಡಿದಳು.

ಹತ್ತೂವರೆ. ಮೊಬೈಲಿನ ಬೆಳಕು ಹಿಡಿದು ನೋಡಿ ಬಂದೆ. ಗಂಡು ಬಟ್ಟಲಿನ ಅಂಚಿನ ಮೇಲೆ ರೆಕ್ಕೆ ಬಿಚ್ಚಿಕೊಂಡು ನಿಂತಿದೆ. ಹೆಣ್ಣು ಇನ್ನೂ ಗಿಡದ ಮರೆಯಲ್ಲೇ ಇದೆ, ಆದರೆ ಮುಖ ಈ ಕಡೆಗಿದೆ.